ಬಣ್ಣದ ಬಟ್ಟಲುಗಳು ಮತ್ತು ಪರಾಗಸ್ಪರ್ಶಿ ಕೀಟಗಳ ಗಣತಿ



ಹಳದಿ, ಬಿಳಿ, ನೀಲಿ ಬಣ್ಣ ಬಳಿದ ಮೂರು ಪ್ಲಾಸ್ಟಿಕ್ ಬಟ್ಟಲುಗಳು. ಅವುಗಳಲ್ಲಿ ಅರ್ಧದಷ್ಟು ನೀರು. ಆ ನೀರಿಗೆ ಪಾತ್ರೆ ತೊಳೆಯುವ, ವಾಸನೆಯಿಲ್ಲದ ಸೋಪುದ್ರವದ ಕೆಲವೇ ಹನಿಗಳು. ಹೂವಿನಿಂದ ಹೂವಿಗೆ ಪರಾಗವನ್ನು ಒಯ್ಯುವ ಕೀಟಗಳ ಗಣತಿಗಾಗಿ ಜಗತ್ತಿನ ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಸಾಧನ ಇಷ್ಟೇ. ಬಟ್ಟಲನ್ನು ಹೂವೆಂದು ಭ್ರಮಿಸಿ ಕೀಟವು ಬಂದಿಳಿಯುತ್ತದೆ. ಶುದ್ಧ ನೀರಾಗಿದ್ದರೆ ಅದರ ಮೇಲ್ಮೈ ಎಳೆತದ ಬಲದಿಂದ ಸಣ್ಣ ಕೀಟಗಳು ತೇಲಿ ಪಾರಾಗಬಹುದಿತ್ತು. ಸೋಪು ಆ ಎಳೆತವನ್ನು ಮುರಿಯುವುದರಿಂದ ಕೀಟ ಮುಳುಗಿ ಸಾಯುತ್ತದೆ. ಸಂಜೆ ಅದನ್ನು ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ಮದ್ಯಸಾರದ ಸೀಸೆಗೆ ಹಾಕಿ, ದಿನಾಂಕ ಮತ್ತು ಸ್ಥಳವನ್ನು ಬರೆದಿಡಲಾಗುತ್ತದೆ.

ಮಲೆನಾಡಿನ ತೋಟ, ಬೆಟ್ಟ, ಬೇಣಗಳಲ್ಲಿಯೂ ಇಂಥ ಬಟ್ಟಲುಗಳನ್ನಿಟ್ಟು ಗಣತಿ ಮಾಡಬಹುದೆಂಬ ಉತ್ಸಾಹ ವಿದ್ಯಾರ್ಥಿಗಳಲ್ಲಿ ಕಾಣುತ್ತಿರುವುದು ಸಹಜವೇ. ಸಾಧನ ಅಗ್ಗ; ಕೌಶಲ ಕಡಿಮೆ ಸಾಕು. ಆದರೆ ಕೀಟಗಳು ಕಡಿಮೆಯಾಗುತ್ತಿವೆಯೋ ಎಂದು ತಿಳಿಯುವುದಕ್ಕಾಗಿ ಕೀಟಗಳನ್ನೇ ಕೊಲ್ಲುವ ವಿಧಾನವಿದು. ಜೇನುಗೂಡಿಗೆ ಹೊಗೆ ಹಾಕುವಾಗಲೂ ಹುಳು ಸಾಯದಂತೆ ಎಚ್ಚರ ವಹಿಸುವ ಊರುಗಳಲ್ಲಿ ಇದರ ಬಗೆಗೆ ಪ್ರಶ್ನೆ ಏಳಲೇಬೇಕು, ಏಳುತ್ತದೆ. ಆ ಪ್ರಶ್ನೆಯನ್ನು ಬದಿಗೆ ಸರಿಸದೆ, ಬಟ್ಟಲಿನ ಗುಣವನ್ನೂ ಮಿತಿಯನ್ನೂ ಅರಿತುಕೊಂಡ ಮೇಲೆ ನಿರ್ಧಾರಕ್ಕೆ ಬರುವುದು ಒಳಿತು.

ಮೊದಲಿಗೆ, ಎಣಿಸುವ ಅಗತ್ಯವಾದರೂ ಏನು? 1991–92ರ ಸುಮಾರಿಗೆ ದಕ್ಷಿಣ ಭಾರತದ ತುಡುವೆ ಜೇನಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ತಗುಲಿತು. ಮರಿಹುಳುಗಳು ನೀರು ತುಂಬಿದ ಚೀಲದಂತಾಗಿ ಕೋಶದಲ್ಲಿಯೇ ಸತ್ತವು. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡಗಳಲ್ಲಿ ಸಾಲುಸಾಲು ಪೆಟ್ಟಿಗೆಗಳು ಬರಿದಾದುದನ್ನು ಹಿರಿಯ ಜೇನು ಕೃಷಿಕರು ಇಂದಿಗೂ ನೆನೆಯುತ್ತಾರೆ. ಪೆಟ್ಟಿಗೆಯ ಜೇನಿಗೆ ಒಡೆಯನಿದ್ದ. ಆದ್ದರಿಂದ ನಷ್ಟದ ಲೆಕ್ಕ ಸಿಕ್ಕಿತು. ಕಾಡಿನ ಮರದ ಪೊಟರೆಗಳಲ್ಲಿ, ಹುತ್ತಗಳಲ್ಲಿ ಇದ್ದ ತುಡುವೆಯ ಲೆಕ್ಕವನ್ನು ಇಡುವವರು ಯಾರೂ ಇರಲಿಲ್ಲ. ಹಾಗಿರುವಾಗ ಒಂಟಿಯಾಗಿ ಬದುಕುವ ನೂರಾರು ಬಗೆಯ ಕಾಡುಜೇನುಗಳು, ಹೂನೊಣಗಳು, ಕಣಜಗಳು, ಜೀರುಂಡೆಗಳ ಸ್ಥಿತಿಯನ್ನು ಕೇಳುವುದೇ ಬೇಡ. ಜಗತ್ತಿನಲ್ಲಿ ಗುರುತಿಸಲ್ಪಟ್ಟಿರುವ ಜೇನುಪ್ರಭೇದಗಳೇ 20,000ಕ್ಕೂ ಹೆಚ್ಚು. ಇವುಗಳಲ್ಲಿ ಮನುಷ್ಯನಿಗೆ ಜೇನುತುಪ್ಪ ಕೊಡುವವು ಬೆರಳೆಣಿಕೆಯಷ್ಟು ಮಾತ್ರ. ತುಪ್ಪ ಕೊಡದ ಹುಳುವಿಗೆ ಹೆಸರೂ ಇಲ್ಲ, ಲೆಕ್ಕವೂ ಇಲ್ಲ ಎಂಬಂತಾಗಿದೆ.

ಅವುಗಳಿಂದ ಕೃಷಿಕನಿಗೆ ಏನು ಲಾಭವೆಂಬುದಕ್ಕೆ ಕಾಫಿಯ ನಿದರ್ಶನವೊಂದಿದೆ. ಇಂಡೋನೇಷ್ಯಾದ ಸುಲವೆಸಿ ದ್ವೀಪದ ಮಲೆಗಳಲ್ಲಿ ಅಲೆಕ್ಸಾಂಡ್ರಾ ಕ್ಲೈನ್ ಎಂಬ ಜರ್ಮನ್ ವಿಜ್ಞಾನಿ ಮತ್ತು ಸಂಗಡಿಗರು ಅರೇಬಿಕಾ ತೋಟಗಳನ್ನು ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮೂರು ಬಗೆಯ ಜೇನುಗಳು ಬರುವ ತೋಟದಲ್ಲಿ ನೂರಕ್ಕೆ ಸುಮಾರು 60 ಹೂಗಳು ಕಾಯಿ ಕಟ್ಟಿದರೆ, ಇಪ್ಪತ್ತು ಬಗೆಯವು ಬರುವ ತೋಟದಲ್ಲಿ ಸುಮಾರು 90 ಹೂಗಳು ಕಾಯಿ ಕಟ್ಟಿದವು. ಅರೇಬಿಕಾ ತನ್ನದೇ ಪರಾಗದಿಂದಲೂ ಕಾಯಿ ಕಟ್ಟಬಲ್ಲ ಗಿಡ. ಆದರೂ ಈ ವ್ಯತ್ಯಾಸ. ಒಂದು ಗಿಡದ ಪರಾಗ ಇನ್ನೊಂದಕ್ಕೆ ತಲುಪದೆ ಕಾಯಿಯೇ ಕಟ್ಟದ ರೊಬಸ್ಟಾಕ್ಕೆ ಪರಾಗ ಸಾಗುವ ದಾರಿಯೇ ಜೀವಾಳ. ಕೊಡಗಿನ ತೋಟಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವು ಹೆಜ್ಜೇನು, ತುಡುವೆ ಮತ್ತು ಮಿಸರಿ ಈ ಮೂರೂ ಕಾಫಿ ಹೂವಿಗೆ ಬರುತ್ತವೆಂದೂ, ಅವುಗಳಲ್ಲಿ ಹೆಜ್ಜೇನಿನ ಪಾತ್ರವೇ ಹಿರಿದೆಂದೂ ತೋರಿಸಿತು. ಈ ಸಂಗತಿ ತಿಳಿದುಬಂದದ್ದು ಹೂವಿನ ಬಳಿ ನಿಂತು ನೋಡಿದ್ದರಿಂದ ಎಂಬುದನ್ನು ಇಲ್ಲಿ ಗುರುತು ಹಾಕಿಕೊಳ್ಳಬೇಕು. ಮುಂದೆ ಈ ಮಾತು ಮತ್ತೆ ಬರಲಿದೆ.

ಇನ್ನು ಬಟ್ಟಲಿನ ವಿಚಾರ. ಕೀಟಗಳಿಗೆ ಬಣ್ಣ ಕಾಣುವುದೇ ಇಲ್ಲವೆಂದು ವಿದ್ವಾಂಸರೇ ವಾದಿಸುತ್ತಿದ್ದ ಕಾಲವೊಂದಿತ್ತು. ಆಸ್ಟ್ರಿಯಾದ ಕಾರ್ಲ್ ಫಾನ್ ಫ್ರಿಶ್ 1914ರಲ್ಲಿ ಆ ವಾದವನ್ನು ಸುಳ್ಳುಮಾಡಿದರು. ನೀಲಿ ಕಾಗದದ ಮೇಲೆ ಸಕ್ಕರೆ ನೀರಿಟ್ಟು ಜೇನುಗಳಿಗೆ ರೂಢಿ ಮಾಡಿಸಿ, ಬಳಿಕ ಆ ಕಾಗದವನ್ನು ಬೂದುಬಣ್ಣದ ನಾನಾ ಛಾಯೆಗಳ ನಡುವೆ ಇರಿಸಿದಾಗ, ಸಕ್ಕರೆ ಇಲ್ಲದಿದ್ದರೂ ಜೇನು ನೇರವಾಗಿ ನೀಲಿಗೇ ಬಂದಿಳಿಯಿತು. ಹಳದಿಯಲ್ಲಿಯೂ ಹಾಗೆಯೇ. ಕೆಂಪಿನಲ್ಲಿ ಮಾತ್ರ ಅದು ಸೋತಿತು. ಅದಕ್ಕೆ ಕೆಂಪು ಕಪ್ಪಿನಂತೆ ಕಾಣುತ್ತದೆ. ಬದಲಿಗೆ ಮನುಷ್ಯನ ಕಣ್ಣಿಗೆ ಎಟುಕದ ಅತಿನೇರಳೆ ಕಿರಣವನ್ನು ಜೇನು ಕಾಣಬಲ್ಲದು. ಮುಂದೆ 1973ರಲ್ಲಿ ಫ್ರಿಶ್ ಅವರಿಗೆ ನೊಬೆಲ್ ಪುರಸ್ಕಾರ ದೊರೆಯಿತು. ಗಣತಿಯ ಬಟ್ಟಲುಗಳಿಗೆ ಅತಿನೇರಳೆಯಲ್ಲಿ ಹೊಳೆಯುವ ವಿಶೇಷ ಬಣ್ಣವನ್ನು ಬಳಿಯುವುದಕ್ಕೆ ಇದೇ ಕಾರಣ. ಅಂಗಡಿಯಲ್ಲಿ ಸಿಗುವ ಹಳದಿ ಬೋಗುಣಿ ಮನುಷ್ಯನಿಗೆ ಎಷ್ಟೇ ಹಳದಿಯಾಗಿ ಕಂಡರೂ ಜೇನಿನ ಕಣ್ಣಿಗೆ ಅದು ಬೇರೆಯೇ ಆಗಿರಬಹುದು.

ಹಳದಿ ಬಟ್ಟಲು ಮೊದಲು ಹುಟ್ಟಿದ್ದು ಪರಾಗಸ್ಪರ್ಶಿಗಳಿಗಾಗಿ ಅಲ್ಲವೆಂಬುದು ಸ್ವಾರಸ್ಯಕರ. ಜರ್ಮನಿಯ ಮೊಯೆರಿಕೆ ಎಂಬವರು 1951ರಲ್ಲಿ ಅದನ್ನು ಬಳಕೆಗೆ ತಂದದ್ದು ಬೆಳೆಗಳಿಗೆ ರೋಗ ಹರಡುವ ಗಿಡಹೇನುಗಳ ಹಾರಾಟವನ್ನು ತಿಳಿಯಲು. ಇಂದು ತರಕಾರಿ ತೋಟಗಳಲ್ಲಿ ತೂಗುವ ಹಳದಿ ಅಂಟುಹಾಳೆಗಳೂ ಕೀಟಗಳ ಇದೇ ಮೋಹವನ್ನು ಆಶ್ರಯಿಸಿವೆ. ಶತ್ರುವನ್ನು ಹಿಡಿಯುವ ಬಲೆಯೇ ಮಿತ್ರನ ಗಣತಿಗೂ ಬಂದಿತೆನ್ನಬಹುದು.

ಯುರೋಪಿನ ಐದು ದೇಶಗಳಲ್ಲಿ ಜೇನುಗಳನ್ನು ಎಣಿಸುವ ಆರು ವಿಧಾನಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಅದರಲ್ಲಿ ಬಣ್ಣದ ಬಟ್ಟಲುಗಳೇ ಹೆಚ್ಚು ದಕ್ಷವೆಂಬ ತೀರ್ಮಾನಕ್ಕೆ ಬರಲಾಗಿತ್ತು. ಬಟ್ಟಲಿಗೆ ಪಕ್ಷಪಾತವಿಲ್ಲ ಎಂಬುದು ಮುಖ್ಯ ಕಾರಣ. ಬಲೆ ಹಿಡಿದು ನಡೆಯುವವನಲ್ಲಿ ಒಬ್ಬ ಚುರುಕು, ಇನ್ನೊಬ್ಬ ಮಂದ. ಒಬ್ಬನ ಕಣ್ಣು ದೊಡ್ಡ ದುಂಬಿಯ ಮೇಲೆ, ಇನ್ನೊಬ್ಬನದು ಚಿಟ್ಟೆಯ ಮೇಲೆ. ಬಟ್ಟಲು ಯಾರು ಇಟ್ಟರೂ ಒಂದೇ. ಬ್ರಿಟನ್ನಿನಲ್ಲಿ 2017ರಲ್ಲಿ ಆರಂಭವಾದ ಪರಾಗಸ್ಪರ್ಶಿಗಳ ಗಣತಿ ಯೋಜನೆಯೂ ಇದನ್ನೇ ಅವಲಂಬಿಸಿತು. ದೇಶದುದ್ದಕ್ಕೂ ಆಯ್ದ, ಒಂದು ಚದರ ಕಿಲೋಮೀಟರ್ ವಿಸ್ತಾರದ ಚೌಕಗಳಲ್ಲಿ ಐದೈದು ಕಡೆ ಮೂರು ಬಣ್ಣದ ಬಟ್ಟಲುಗಳನ್ನು ಸುತ್ತಲಿನ ಗಿಡಗಳ ಎತ್ತರಕ್ಕೆ ನಿಲ್ಲಿಸಿ, ಆರು ತಾಸುಗಳ ಕಾಲ ಬಿಡಲಾಗುತ್ತದೆ. ಕೆಲಸ ಮಾಡುವವರಲ್ಲಿ ಬಹಳ ಮಂದಿ ಸ್ವಯಂಸೇವಕರು. ಹಿಡಿದ ಜೇನು ಮತ್ತು ಹೂನೊಣಗಳನ್ನು ಪ್ರಭೇದ ಮಟ್ಟದವರೆಗೆ ಗುರುತಿಸುವ ಹೊಣೆಯನ್ನು ತಜ್ಞರು ಹೊರುತ್ತಾರೆ. ಈ ಕೊನೆಯ ವಾಕ್ಯದಲ್ಲಿರುವ ವ್ಯವಸ್ಥೆ ಇಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಹಾಗಾದರೆ ಬಟ್ಟಲು ನಿಷ್ಪಕ್ಷಪಾತಿಯೆ? ಎಣಿಸುವ ಮನುಷ್ಯನ ಪಕ್ಷಪಾತ ಅದಕ್ಕಿಲ್ಲ, ನಿಜ. ಆದರೆ ಅದರದ್ದೇ ಆದ ಪಕ್ಷಪಾತವೊಂದಿದೆ. ಬೆವರು ಜೇನು ಎಂದು ಕರೆಯಲಾಗುವ ಸಣ್ಣ ಒಂಟಿಜೇನುಗಳು ಅದಕ್ಕೆ ರಾಶಿರಾಶಿಯಾಗಿ ಬೀಳುತ್ತವೆ. ದೊಡ್ಡ ಜೇನುಗಳು, ಗೂಡು ಕಟ್ಟುವ ಜೇನುಗಳು ಬೀಳುವುದು ಅವುಗಳ ನಿಜವಾದ ಸಂಖ್ಯೆಗೆ ಹೋಲಿಸಿದರೆ ಬಹಳ ಕಡಿಮೆ. ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಒಂದು ಪೊದೆಯ ಹೂವಿಗೆ ಬರುವ ಜೇನುಗಳನ್ನು ಬಲೆಯಿಂದಲೂ ಬಟ್ಟಲಿನಿಂದಲೂ ಹಿಡಿದು ಹೋಲಿಸಿದವರು, ಹೂವಿನ ಮೇಲೆ ಧಾರಾಳವಾಗಿ ಸಿಕ್ಕವು ಬಟ್ಟಲಿನಲ್ಲಿ ಕಾಣಿಸದ್ದನ್ನು 2000ದಲ್ಲಿಯೇ ಬರೆದು ಎಚ್ಚರಿಸಿದ್ದರು. 2020ರಲ್ಲಿ ಅಲ್ಲಿಯ ಮತ್ತೆ ಕೆಲವು ವಿಜ್ಞಾನಿಗಳು ಇನ್ನೂ ಮುಂದೆ ಹೋಗಿ, ಬಟ್ಟಲಿನ ಮೇಲಿನ ಅತಿಯಾದ ಅವಲಂಬನೆಯನ್ನು ಬಿಟ್ಟು ಹೆಚ್ಚು ಪರಿಣಾಮಕಾರಿ ವಿಧಾನಗಳತ್ತ ತಿರುಗಬೇಕೆಂದು ಕರೆ ನೀಡಿದರು.

ಇದಕ್ಕಿಂತ ಸೂಕ್ಷ್ಮವಾದ ದೋಷ ಇನ್ನೊಂದಿದೆ. ಬಟ್ಟಲು ಹೂವಿನೊಡನೆ ಸ್ಪರ್ಧೆಗೆ ನಿಂತ ವಸ್ತು. ಸುತ್ತಲೂ ಹೂವು ತುಂಬಿದ್ದಾಗ ಕೀಟ ಹುಸಿ ಹೂವಿನತ್ತ ಬರುವುದು ಕಡಿಮೆ. ಸುತ್ತ ಬರಡಾಗಿದ್ದಾಗ ಹೆಚ್ಚು. 2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಗಿರಿಶ್ರೇಣಿಯಲ್ಲಿ ಕುರಿಂಜಿ ಅರಳಿ ಇಳಿಜಾರುಗಳೆಲ್ಲ ನೀಲಿಯಾಗಿದ್ದವು. ಆ ಇಳಿಜಾರಿನ ನಡುವೆ ನೀಲಿ ಬಟ್ಟಲೊಂದನ್ನು ಇಟ್ಟಿದ್ದರೆ ಅದನ್ನು ಯಾವ ಜೇನು ಮೂಸಿ ನೋಡೀತು? ಮರುವರ್ಷ ಹೂವಿಲ್ಲದ ಅದೇ ಜಾಗದಲ್ಲಿ ಬಟ್ಟಲು ತುಂಬಿದ್ದರೆ, ಲೆಕ್ಕದ ಪುಸ್ತಕದಲ್ಲಿ ಜೇನು ವೃದ್ಧಿಯಾಯಿತೆಂದು ದಾಖಲಾಗುತ್ತಿತ್ತು. ಕಾಡು ಕಡಿದು ಹೂಗಿಡಗಳು ನಾಶವಾದ ಬೆಟ್ಟವು ಕಾಗದದ ಮೇಲೆ ಕೀಟಸಮೃದ್ಧವೆಂದು ತೋರುವ ಅಪಾಯ ಇಲ್ಲಿದೆ. ಗಣಿಗೋ ಅಣೆಕಟ್ಟಿಗೋ ಪರಿಸರ ಪರಿಣಾಮ ವರದಿ ಬರೆಯುವವರ ಕೈಗೆ ಇಂತಹ ಅಂಕಿ ಸಿಕ್ಕರೆ ಏನಾದೀತೆಂಬುದನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಆದ್ದರಿಂದ ಬಟ್ಟಲಿಡುವ ದಿನ ಸುತ್ತಲಿನ ಹೂಗಳ ಲೆಕ್ಕವನ್ನೂ ಬರೆಯದಿದ್ದರೆ ಆ ಬಟ್ಟಲನ್ನು ಇಡಲೇಬಾರದು.

ಬಟ್ಟಲಿನಲ್ಲಿ ಸತ್ತ ಕೀಟ ಯಾವ ಹೂವಿಗೆ ಹೊರಟಿತ್ತೆಂದು ಹೇಳುವವರಾರು? ಬದನೆಯ ಹೂವನ್ನೇ ನೋಡಿ. ಅದರ ಕೇಸರದ ತುದಿಯಲ್ಲಿ ಸಣ್ಣ ರಂಧ್ರವಿದೆ. ಹೂವನ್ನು ಹಿಡಿದು ಗುಮ್ಮೆಂದು ನಡುಗಿಸಿದರೆ ಮಾತ್ರ ಪರಾಗ ಚೆನ್ನಾಗಿ ಉದುರುತ್ತದೆ. ತುಡುವೆಗೆ ಈ ವಿದ್ಯೆ ಬಾರದು. ಮರದ ದಿಮ್ಮಿ ಕೊರೆಯುವ ಕಪ್ಪು ದುಂಬಿ, ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳುಳ್ಳ ಒಂಟಿಜೇನು ಇವು ಬಲ್ಲವು. ಮನೆಯ ಜಂತಿ ಕೊರೆಯುತ್ತದೆಂದು ದುಂಬಿಗೆ ಸೀಮೆಎಣ್ಣೆ ಸುರಿಯುವ ಗೃಹಸ್ಥರು ಹಿತ್ತಿಲಿನ ಬದನೆಯ ನೆನಪನ್ನೂ ಮಾಡಿಕೊಳ್ಳುವುದೊಳ್ಳೆಯದು. ಕೋಕೋ ಹೂವಿನ ಪರಾಗಸ್ಪರ್ಶ ಮಾಡುವುದು ಕೊಳೆತ ಎಲೆ, ಸಿಪ್ಪೆಗಳಲ್ಲಿ ಹುಟ್ಟುವ, ಸಾಸಿವೆಗಿಂತ ತುಸು ದೊಡ್ಡದಾದ ನೊಣ. ಹೀರೆ, ಹಾಗಲ, ಕುಂಬಳಗಳಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆಯಾದ್ದರಿಂದ ಕೀಟ ಬಾರದೆ ಕಾಯಿಯಿಲ್ಲ. ಯಾವ ಹೂವಿಗೆ ಯಾರು ನೆಂಟರೆಂಬ ಈ ಸಂಬಂಧಗಳಲ್ಲಿ ಒಂದನ್ನೂ ಬಟ್ಟಲು ತಿಳಿಸಲಾರದು. ಹೂವಿನ ಎದುರು ಕುಳಿತ ಕಣ್ಣು ಮಾತ್ರ ತಿಳಿಸೀತು.

ಕೊಲ್ಲುವ ಪ್ರಶ್ನೆಗೆ ಈಗ ಬರಬಹುದು. ಅಮೆರಿಕದ ಕೊಲರಾಡೊ ಪ್ರಾಂತ್ಯದ ರಾಕಿ ಪರ್ವತಗಳಲ್ಲಿ ಐದು ವರ್ಷಗಳ ಕಾಲ, ಹೂವಿನ ಋತುವಿನಲ್ಲಿ ಎರಡು ವಾರಕ್ಕೊಮ್ಮೆ ಬಟ್ಟಲು ಮತ್ತು ಬಲೆಗಳಿಂದ ಜೇನುಗಳನ್ನು ಹಿಡಿದು ಪರೀಕ್ಷಿಸಿದವರು, ಅದರಿಂದ ಅಲ್ಲಿಯ ಕಾಡುಜೇನುಗಳ ಸಂಖ್ಯೆಯಾಗಲಿ ವೈವಿಧ್ಯವಾಗಲಿ ಕುಗ್ಗಿದ್ದು ಕಾಣಲಿಲ್ಲವೆಂದು 2015ರಲ್ಲಿ ವರದಿ ಮಾಡಿದರು. ಸಮಾಧಾನದ ಸಂಗತಿಯೇ. ಆದರೆ ಹಿಮ ಬೀಳುವ ಪರ್ವತದ ಹುಲ್ಲುಗಾವಲಿನ ಫಲಿತಾಂಶವನ್ನು ಸಹ್ಯಾದ್ರಿಯ ತುಂಡುತುಂಡಾದ ಕಾನುಗಳಿಗೆ ಹಾಗೆಯೇ ಅನ್ವಯಿಸುವುದು ಆತುರವಾದೀತು. ತುಡುವೆಯ ಒಂದು ಕೆಲಸಗಾರ್ತಿ ಸತ್ತರೆ ಗೂಡಿನಲ್ಲಿ ಸಾವಿರಾರು ಉಳಿದಿರುತ್ತವೆ. ಒಂಟಿಜೇನಿನ ಹೆಣ್ಣೊಂದು ಸತ್ತರೆ ಅವಳು ಮುಂದೆ ಇಡಬೇಕಾಗಿದ್ದ ಮೊಟ್ಟೆಗಳೆಲ್ಲವೂ ಅವಳೊಂದಿಗೇ ಹೋಗುತ್ತವೆ. ಅಲ್ಲದೆ, ಗುರುತಿಸುವವರಿಲ್ಲದೆ ಕಾಲೇಜಿನ ಕಪಾಟಿನಲ್ಲಿ ಧೂಳು ತಿನ್ನುವ ಸೀಸೆಗಳಿಗಾಗಿ ಹತ್ತು ಹುಳು ಸತ್ತರೂ ಅದು ಅನ್ಯಾಯವೇ. ಸತ್ತ ಕೀಟದಿಂದ ತಿಳಿವಳಿಕೆ ಹುಟ್ಟುವುದಾದರೆ ಮಾತ್ರ ಆ ಸಾವಿಗೆ ಸಮರ್ಥನೆ ಇದ್ದೀತು. ಬರಿಗಣ್ಣಿಗೆ ಒಂದೇ ತೆರನಾಗಿ ಕಾಣುವ ಸಣ್ಣ ಜೇನುಗಳ ಪ್ರಭೇದವನ್ನು ಸೂಕ್ಷ್ಮದರ್ಶಕವಿಲ್ಲದೆ ನಿರ್ಧರಿಸಲು ಬಾರದೆಂಬುದೂ ಸತ್ಯ; ಅಲ್ಲಿ ಮಾದರಿಯ ಸಂಗ್ರಹ ಅನಿವಾರ್ಯ.

ಇಷ್ಟೆಲ್ಲ ತಿಳಿದ ಮೇಲೂ ಒಂದು ಊರಿನ, ಒಂದು ವರ್ಷದ ಬಟ್ಟಲಿನಿಂದ ಕೀಟಗಳು ಕ್ಷೀಣಿಸುತ್ತಿವೆಯೋ ಇಲ್ಲವೋ ಎಂದು ಹೇಳಲಾಗದು. ಕೀಟಗಳ ಸಂಖ್ಯೆ ಮಳೆ, ಬಿಸಿಲು, ಗಾಳಿಗೆ ತಕ್ಕಂತೆ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ. ಗ್ರೆಚೆನ್ ಲೆಬೂನ್ ಮತ್ತು ಸಂಗಡಿಗರು 2013ರಲ್ಲಿ ಮಾಡಿದ ಲೆಕ್ಕಾಚಾರದ ಪ್ರಕಾರ, ವರ್ಷಕ್ಕೆ ನೂರಕ್ಕೆ ಎರಡರಿಂದ ಐದರಷ್ಟಾಗುವ ಇಳಿಕೆಯನ್ನು ಐದು ವರ್ಷಗಳಲ್ಲಿ ಕಂಡುಹಿಡಿಯಲು 200ರಿಂದ 250 ತಾಣಗಳು ಬೇಕು. ಜರ್ಮನಿಯ ಕ್ರೆಫೆಲ್ಡ್ ಪಟ್ಟಣದ ಹವ್ಯಾಸಿ ಕೀಟಾಸಕ್ತರ ಸಂಘವು ಬಟ್ಟೆಯ ಗುಡಾರದಂತಹ ಬೇರೊಂದು ಬಗೆಯ ಬಲೆಯನ್ನು 1989ರಿಂದ 2016ರವರೆಗೆ 63 ಸಂರಕ್ಷಿತ ತಾಣಗಳಲ್ಲಿ ಒಂದೇ ಕ್ರಮದಲ್ಲಿ ಇಟ್ಟು ತೂಕ ಮಾಡುತ್ತ ಬಂದಿತು. 27 ವರ್ಷಗಳಲ್ಲಿ ಹಾರುವ ಕೀಟಗಳ ಒಟ್ಟು ತೂಕ ನೂರಕ್ಕೆ 75ಕ್ಕಿಂತಲೂ ಹೆಚ್ಚು ಕುಸಿದಿತ್ತೆಂಬ ಅದರ ಫಲಿತಾಂಶ 2017ರಲ್ಲಿ ಪ್ರಕಟವಾದಾಗ ಜಗತ್ತೇ ಬೆಚ್ಚಿತು. ಸಂಘದಲ್ಲಿದ್ದವರಲ್ಲಿ ಹಲವರು ವೃತ್ತಿಯಿಂದ ವಿಜ್ಞಾನಿಗಳಲ್ಲ. ಬಲೆಯ ಅಳತೆ, ಇಡುವ ರೀತಿ, ತೂಗುವ ಕ್ರಮ ಇವನ್ನು ಅವರು ಬದಲಿಸಲಿಲ್ಲ. ಆ ಹಟವೇ ಅವರ ಅಂಕಿಗಳಿಗೆ ಬೆಲೆ ತಂದಿತು.

ಮಲೆನಾಡಿನಲ್ಲಿ ಬಟ್ಟಲಿಡುವವರಿಗೆ ಬೇರೆಯೇ ತೊಡಕುಗಳಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಬಟ್ಟಲು ತುಂಬಿ ಹರಿದು ಹುಳುಗಳು ಕೊಚ್ಚಿಹೋಗುತ್ತವೆ. ದಟ್ಟ ನೆರಳಿನಲ್ಲಿ ನೆಲದ ಮೇಲಿಟ್ಟ ಬಟ್ಟಲು ಯಾವ ಕೀಟದ ಕಣ್ಣಿಗೂ ಬೀಳದು. ಕಾಡಿನ ಹೂವಿನ ವ್ಯವಹಾರ ಬಹುಮಟ್ಟಿಗೆ ಮೇಲಿನ ಕೊಂಬೆಗಳಲ್ಲಿಯೇ ನಡೆಯುತ್ತದೆ. ರಾತ್ರಿ ಹೊರಡುವ ಪತಂಗಗಳು ಹಗಲಿನ ಆರು ತಾಸುಗಳ ಲೆಕ್ಕಕ್ಕೆ ಸಿಗವು. ದನಕರುಗಳು ಸೋಪಿನ ನೀರಿಗೆ ಬಾಯಿಟ್ಟಾವು, ಮಂಗಗಳು ಬಟ್ಟಲನ್ನೇ ಹೊತ್ತೊಯ್ದಾವು. ಉಳಿದ ನೀರನ್ನು ಹಳ್ಳಕ್ಕೆ ಚೆಲ್ಲದೆ ಹೊಂಡ ತೋಡಿ ಸುರಿಯಬೇಕು. ಅರಣ್ಯ ಪ್ರದೇಶದೊಳಗೆ ಇಲಾಖೆಯ ಅನುಮತಿ ಇಲ್ಲದೆ ಬಟ್ಟಲಿಡುವುದು ಸರ್ವಥಾ ಕೂಡದು.

ಆದ್ದರಿಂದ ಹಳ್ಳಿಯ ಶಾಲೆ, ಕಾಲೇಜುಗಳು ಮೊದಲು ಕೈಗೆತ್ತಿಕೊಳ್ಳತಕ್ಕದ್ದು ಕೊಲ್ಲದ ಗಣತಿಯನ್ನು. ಬ್ರಿಟನ್ನಿನ ಯೋಜನೆಯಲ್ಲಿಯೇ ಇದಕ್ಕೆ ಮಾದರಿಯಿದೆ. ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಚೌಕವನ್ನು ಹೂಬಿಟ್ಟ ಗಿಡದ ಮೇಲೆ ಗುರುತಿಸಿಕೊಂಡು, ಬಿಸಿಲಿರುವ, ಗಾಳಿ ಕಡಿಮೆಯಿರುವ ಹೊತ್ತಿನಲ್ಲಿ ಹತ್ತು ನಿಮಿಷ ಸುಮ್ಮನೆ ಕುಳಿತು, ಹೂವಿನ ಮೇಲೆ ಬಂದಿಳಿದ ಪ್ರತಿಯೊಂದು ಕೀಟವನ್ನೂ ಎಣಿಸುವುದು. ಪ್ರಭೇದದ ಹೆಸರು ಬೇಕಿಲ್ಲ. ಹೆಜ್ಜೇನು, ತುಡುವೆ, ಕೋಲುಜೇನು, ಮಿಸರಿ, ದುಂಬಿ, ಇತರ ಒಂಟಿಜೇನು, ಹೂನೊಣ, ಇತರ ನೊಣ, ಕಣಜ, ಚಿಟ್ಟೆ, ಜೀರುಂಡೆ, ಇರುವೆ ಎಂಬ ಗುಂಪುಗಳು ಸಾಕು. ಚೌಕದೊಳಗೆ ಎಷ್ಟು ಹೂಗಳಿದ್ದವು, ಗಿಡ ಯಾವುದು, ದಿನಾಂಕ, ಗಂಟೆ, ಮೋಡವೋ ಬಿಸಿಲೋ ಎಂಬುದನ್ನು ಅದೇ ಹಾಳೆಯಲ್ಲಿ ಬರೆಯಬೇಕು. ಒಂದೂ ಕೀಟ ಬಾರದ ಹತ್ತು ನಿಮಿಷವನ್ನೂ ಸೊನ್ನೆಯೆಂದು ಬರೆಯಬೇಕು. ಸೊನ್ನೆಯನ್ನು ಬಿಟ್ಟುಬಿಡುವ ಗಣತಿಯೇ ಅತ್ಯಂತ ಸುಳ್ಳಿನ ಗಣತಿ.

ಕಾಫಿಗೆ ಹೂಮಳೆ ಬಿದ್ದು ಹೂವರಳುವ ಕೆಲವೇ ದಿನಗಳು, ತರಕಾರಿ ಹಿತ್ತಿಲಿನ ಬೆಳಗುಗಳು, ಏಲಕ್ಕಿ ಹೂವಿನ ಕಾಲ, ಮಾವು ಹೂಬಿಡುವ ವಾರಗಳು ಈ ಕೆಲಸಕ್ಕೆ ತಕ್ಕವು. ಯಾವ ಮರದಲ್ಲಿ ಪ್ರತಿವರ್ಷ ಎಷ್ಟು ಹೆಜ್ಜೇನಿನ ಹಲ್ಲೆ ಕಟ್ಟುತ್ತಿತ್ತು, ಯಾವ ವರ್ಷದಿಂದ ನಿಂತಿತು ಎಂಬುದನ್ನು ಜೇನು ಕೀಳುವ ಕುಟುಂಬಗಳ ಹಿರಿಯರಿಂದ ಕೇಳಿ ಬರೆದುಕೊಳ್ಳುವುದೂ ಗಣತಿಯ ಭಾಗವೇ. 2002ರ ಜೀವವೈವಿಧ್ಯ ಕಾಯಿದೆಯಡಿ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿಯೂ ರಚಿತವಾಗಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಯು ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಬೇಕಷ್ಟೆ. ಹಲವೆಡೆ ಆ ದಾಖಲೆಯಲ್ಲಿ ಮರಗಳು, ಔಷಧಿ ಸಸ್ಯಗಳು, ಪ್ರಾಣಿ ಪಕ್ಷಿಗಳಿಗೆ ಪುಟಗಳು ದೊರೆತಷ್ಟು ಕೀಟಗಳಿಗೆ ದೊರೆತಿಲ್ಲ. ಶಾಲೆಯ ಹತ್ತು ನಿಮಿಷದ ಹಾಳೆಗಳು ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿಯ ಆ ದಾಖಲೆಗೆ ಸೇರುವಂತಾದರೆ, ಮಾಸ್ತರರು ವರ್ಗವಾಗಿ ಹೋದರೂ ಲೆಕ್ಕ ಊರಿನಲ್ಲಿ ಉಳಿಯುತ್ತದೆ.

ಬಟ್ಟಲು ಬೇಡವೇ ಬೇಡವೆಂದು ಇದರ ಅರ್ಥವಲ್ಲ. ಹತ್ತು ನಿಮಿಷದ ಹಾಳೆಯಲ್ಲಿ ‘ಇತರ ಒಂಟಿಜೇನು’ ಎಂಬ ಕಾಲಂ ತುಂಬುತ್ತ ಹೋದಾಗ ಅವು ಯಾವುವೆಂಬ ಪ್ರಶ್ನೆ ಏಳುತ್ತದೆ. ಆಗ ಕೃಷಿ ವಿಶ್ವವಿದ್ಯಾಲಯದ ಅಥವಾ ಸಂಶೋಧನಾ ಸಂಸ್ಥೆಯ ಕೀಟತಜ್ಞರೊಬ್ಬರು ಮಾದರಿಗಳನ್ನು ಗುರುತಿಸಿಕೊಡುವುದಾಗಿ ಮೊದಲೇ ಒಪ್ಪಿದ್ದರೆ, ಆಯ್ದ ಒಂದೆರಡು ತಾಣಗಳಲ್ಲಿ, ಮಳೆಗಾಲ ಕಳೆದ ಮೇಲೆ, ವರ್ಷಕ್ಕೆ ಎರಡು ದಿನ, ಮೂರೂ ಬಣ್ಣದ ಬಟ್ಟಲುಗಳನ್ನು ಒಟ್ಟಾಗಿ ಇಡಬಹುದು. ಜಾಗದ ಒಡೆಯರಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ಬೆಳಿಗ್ಗೆ ಒಂಬತ್ತಕ್ಕೆ ಇಟ್ಟದ್ದನ್ನು ಮಧ್ಯಾಹ್ನ ಮೂರಕ್ಕೆ ತೆಗೆಯಲೇಬೇಕು. ಮರೆತು ರಾತ್ರಿಯಿಡೀ ಬಿಟ್ಟ ಬಟ್ಟಲಿನಲ್ಲಿ ಸತ್ತದ್ದು ಯಾವ ಲೆಕ್ಕಕ್ಕೂ ಬಾರದು. ಗುರುತಿಸಿದ ಹೆಸರುಗಳ ಪಟ್ಟಿಯ ಒಂದು ಪ್ರತಿ ಊರಿಗೆ ಮರಳಿ ಬರಬೇಕೆಂಬ ಷರತ್ತನ್ನು ತಜ್ಞರೊಡನೆ ಬಟ್ಟಲಿಡುವ ಮೊದಲೇ ಬರೆಹದಲ್ಲಿ ಮಾಡಿಕೊಳ್ಳುವುದು ಕ್ಷೇಮ.